ಚೀನಾದ ಗೆರೆ ಇಳಿಯುವ ತನಕ

ನಮ್ಮೂರು ತಂಬೂರಿನಲ್ಲಿ ಯಾರ ಮನೆಯ ಬಾಗಿಲು ಬೇಕಾದರೂ ನೋಡಿ, ಬಡಿಗ ಕಾಶಿನಾಥರ ಕೈಯದೇ. ಅಂಥ ಮಹಾನುಭಾವರ ಹೆಂಡತಿ ನಾನು. ಆದರೆ ನಮ್ಮ ಮನೆಯ ಒಳಕೋಣೆಗೆ ಮಾತ್ರ ಬಾಗಿಲಿರಲಿಲ್ಲ! ಹಳೆಯದನ್ನು ಗೆದ್ದಲು ತಿಂದ ಮೇಲೆ ಅಲ್ಲಿ ನನ್ನದೊಂದು ಸೀರೆ ಜೋತಾಡುತ್ತಿತ್ತು.

ಇದೆಲ್ಲ ಶುರುವಾದದ್ದು ಕಲಘಟಗಿಯಲ್ಲಿರುವ ಇಮಾಮಹುಸೇನರ ಕಟ್ಟಿಗೆ ಅಡ್ಡೆಯಲ್ಲಿ. ಸಾಗವಾನಿ ನಮ್ಮಂಥವರ ಕೈಗೆಟುಕುವುದಿಲ್ಲ, ಹಡಗಿನಲ್ಲಿ ಬರುವ ಪೈನ್ ದಿಮ್ಮಿಯೇ ಗತಿ. ಒಂದು ದಿನ ಇಮಾಮಹುಸೇನರು ಮೊಬೈಲಿನಲ್ಲಿ ನಮ್ಮ ಇವರಿಗೊಂದು ಚಿತ್ರ ತೋರಿಸಿದರು. ಚೀನಾ ಹೊರಗಿನಿಂದ ತರಿಸುವ ಮೆದು ಮರದ ದಿಮ್ಮಿ ಕೆಂಪು ಗೆರೆ, ನಾವು ತರಿಸುವುದು ನೀಲಿ ಗೆರೆ, ವರ್ಷ ವರ್ಷದ್ದೂ. ಕೆಂಪು ಗೆರೆ ಗುಡ್ಡ ಹತ್ತಿದಂತೆ ಹತ್ತಿ ಈಗ ಇಳಿಯತೊಡಗಿತ್ತು. ನಮ್ಮದು ನೆಲ ಹಿಡಿದೇ ತೆವಳುತ್ತಿತ್ತು. ಅಂದಿನಿಂದ ಇವರಿಗೆ ಅದೇ ಹುಚ್ಚು.

“ಚೀನಾದವರು ಹೆಚ್ಚಿಗಿ ತರಿಸಿದ್ರ ಚೊಲೋ ದಿಮ್ಮಿ ಎಲ್ಲಾ ಅವರಿಗೇ. ನಮಗ ಬರೂದು ಬರೇ ಗಂಟಿಂದು. ಅವರ ಗೆರಿ ಇನ್ನಷ್ಟ್ ಇಳೀಲಿ, ಅಗದಿ ಸಾಪ್ ಕಟ್ಟಿಗಿ ಬರತೈತಿ. ಅಮೃತಾನ ಕೋಣಿಗೆ ಗಂಟಿನ ಬಾಗಲಾ ಹಚ್ಚಲೇನು?”

ಅಮೃತಾ ನಮ್ಮ ಒಬ್ಬಳೇ ಮಗಳು. ಬಮ್ಮಿಗಟ್ಟಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ, ಬಾಣಂತನ ತವರಿನಲ್ಲೇ ಆಗಬೇಕು. ಅದಕ್ಕೆ ಗಾಳಿ ಹೊಗದ ಕೋಣೆ ಬೇಕು. ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನಾನೇ ಎಣ್ಣೆ ಹಚ್ಚಿ ಎರೆಯಬೇಕೆಂದು ಎಷ್ಟು ಆಸೆ ಇಟ್ಟುಕೊಂಡಿದ್ದೆ!

“ರೀ, ಕೂಸು ಚೀನಾದ ಗೆರಿ ನೋಡ್ಕೊಂಡು ಹುಟ್ಟತೈತೇನು?” ಎಂದು ದಿನಾ ಬೈದೆ.

“ನಿನಗ ತಿಳಿಯಂಗಿಲ್ಲ, ಸುಮ್ಕಿರು.”

ಸಾಕಾಗಿ ಇನ್ನೊಬ್ಬ ಬಡಿಗ ಜಹೀರುದ್ದೀನನನ್ನು ಕರೆಸಿದೆ. ಬಡಿಗನ ಮನೆಗೆ ಬೇರೆ ಬಡಿಗ! ನಾಚಿಕೆಯಾದರೂ ಆದೀತೆಂದುಕೊಂಡೆ. ಎಲ್ಲಿಯ ನಾಚಿಕೆ? ಇವರು ಅವನನ್ನು ಬಾಜು ಕೂರಿಸಿಕೊಂಡು ಮೊಬೈಲ್ ತೋರಿಸಿದರು. ಅವನು ನನ್ನ ಚಹಾ ಕುಡಿದು, ಅಳತೆಯನ್ನೂ ತೆಗೆದುಕೊಳ್ಳದೆ ಎದ್ದ.

“ಅಣ್ಣಾರು ಹೇಳೂದು ಖರೇ ಐತ್ರಿ, ಅಕ್ಕಾರ. ಒಂದ್ ತಿಂಗಳಾ ತಡೀರಿ.”

ಏಳನೆಯ ತಿಂಗಳ ಕುಬಸದ, ಅಂದರೆ ಸೀಮಂತದ, ಮಾತಾಡಲು ಬೀಗತಿ ಮಹಾದೇವಕ್ಕ ಬಂದರು. ಸೀರೆ ಸರಿಸಿ ಕೋಣೆ ಇಣುಕಿದರು. ಒಂದೂ ಕೆಟ್ಟ ಮಾತಾಡಲಿಲ್ಲ.

“ಬಾಗಲಾ ಇಲ್ಲದ ಕೋಣ್ಯಾಗ ಬಾಣಂತಿ ಹೆಂಗ ಇರಬೇಕ್ರಿ? ಇರ್ಲಿ ಬಿಡ್ರಿ, ಬಾಣಂತನಾ ನಾವ ಮಾಡ್ತೇವಿ” ಎಂದು ಹೊರಟುಹೋದರು.

ಆಗ ಇವರ ಮುಖ ನೋಡಬೇಕಿತ್ತು! ಮರುದಿನವೇ ಅಡ್ಡೆಯಲ್ಲಿದ್ದ ಗಂಟಿನ ಹಲಗೆಯನ್ನೇ ತಂದರು. ಊಟ ಬಿಟ್ಟು ಉಜ್ಜುಗೊರಡು ಹೊಡೆದರು, ಎರಡೇ ದಿನದಲ್ಲಿ ಬಾಗಿಲು ನಿಲ್ಲಿಸಿದರು. ಮೈಮೇಲಿನ ಹೊಟ್ಟು ಕೊಡವಿ ಮಗಳನ್ನು ಕರೆತರಲು ಬಸ್ಸು ಹತ್ತಿದರು.

ಸಂಜೆ ಬಸ್ಸಿನಿಂದ ಒಬ್ಬರೇ ಇಳಿದರು. ಬೀಗರ ಮನೆಯಲ್ಲಿ ಹಿರಿಯರು ಕೂತು, ಬಾಣಂತನ ಅಲ್ಲೇ ಎಂದು ಮಾತು ಮುಗಿಸಿದ್ದರಂತೆ. ಅಲ್ಲಿಯ ಕೋಣೆಗೆ ಸುಣ್ಣ ಹೊಡೆದು ಬಾಣಂತಿಗೆ ಹೊರಸು ಹಾಕಿಯಾಗಿತ್ತಂತೆ. ಅಮೃತಾಳೂ “ಈಗ ಬ್ಯಾಡ ಬಿಡಪ್ಪಾ” ಎಂದಳಂತೆ.

ನೀರು ಕೊಟ್ಟರೆ ಮುಟ್ಟಲಿಲ್ಲ. ಸೀದಾ ಒಳಕೋಣೆಗೆ ಹೋಗಿ ಬಾಗಿಲು ಹಾಕಿದರು, ತೆಗೆದರು. ಹಲಗೆಯ ಮೇಲೆ ಕೈಯಾಡಿಸುತ್ತ ಕೇಳಿದರು, “ರೋಹಿಣಿ, ಗಂಟು ಭಾಳ ಕಾಣಸ್ತಾವೇನು?”

“ನೋಡಾಕ ಯಾರ್ ಅದಾರ್ರಿ ಈಗ?” ಎಂದುಬಿಟ್ಟೆ.