ದುರ್ಗವ್ವನ ಬೂದಿ ಸಾಬೂನು

ನನ್ನ ಅತ್ತೆ ಚನ್ನಬಸಮ್ಮ ಸೋಮವಾರ ಬೆಳಿಗ್ಗೆ ಮದುವೆಯೊಂದಕ್ಕೆಂದು ಕೊಟ್ಟೂರಿನ ಬಸ್ಸು ಹತ್ತಿದರು. ಆ ಬಸ್ಸು ನೆಲಮಂಗಲ ದಾಟುವುದರೊಳಗೆ ನಾನು ಅವರ ಅಪ್ಪನ ಮೆಟ್ಟು ಹಾಳು ಮಾಡಿಟ್ಟಿದ್ದೆ.

ಸಿಂಗಸಂದ್ರದ ನಮ್ಮ ಫ್ಲ್ಯಾಟಿನ ದೇವರಮನೆಯಲ್ಲಿ, ಕೆಳಗಿನ ಹಲಗೆಯ ಮೇಲೆ, ಒಂದು ಜೊತೆ ಹಳೆಯ ಚರ್ಮದ ಮೆಟ್ಟುಗಳಿವೆ. ಅತ್ತೆಗೆ ಹದಿನೈದಕ್ಕೇ ಮದುವೆಯಾಯಿತು. ಮಗಳು ಗಂಡನ ಮನೆಯಲ್ಲಿ ಹೇಗಿದ್ದಾಳೋ ಎಂಬ ಚಿಂತೆಗೆ ಅವರಪ್ಪ ಪ್ರತಿ ಅಮಾವಾಸ್ಯೆಗೂ ಒಂಬತ್ತು ಮೈಲಿ ನಡೆದು ಬರುತ್ತಿದ್ದರಂತೆ. ಅಂಗಳದಲ್ಲಿ ನಿಂತು ಮಗಳ ಮುಖ ನೋಡಿ, ಒಂದು ತಂಬಿಗೆ ನೀರು ಕುಡಿದು, ಮತ್ತೆ ಒಂಬತ್ತು ಮೈಲಿ. ಅವರು ತೀರಿಕೊಂಡಾಗ ಅಕ್ಕತಂಗಿಯರು ಬಂಗಾರ ಹಂಚಿಕೊಂಡರು. ಅತ್ತೆ ಈ ಮೆಟ್ಟುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಸೋಮವಾರ ಸೋಮವಾರ ಲಿಂಗಪೂಜೆಯ ನಂತರ ಇವಕ್ಕೂ ವಿಭೂತಿ. ಮದುವೆಯಾದ ಹೊಸತರಲ್ಲಿ ನನಗೆ ನಗು ಬರುತ್ತಿತ್ತು. ಈಗ ಹಾಗೆ ನಗುವ ಧೈರ್ಯ ಯಾರಿಗಿದೆ?

ಈ ಸಲದ ಮಳೆಗೆ ಗೋಡೆ ಒಸರಿ ಮೆಟ್ಟುಗಳ ಮೇಲೆ ಹಸಿರು ಬೂಷ್ಟು ಕಟ್ಟಿತ್ತು. ನಾನು ಬೊಮ್ಮಸಂದ್ರದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ಮಾಡುವವಳು. ಬೂಷ್ಟು ಕಂಡರೆ ನನ್ನ ಕೈ ತಾನಾಗಿಯೇ ಸ್ಯಾನಿಟೈಸರ್ ಬಾಟಲಿಗೆ ಹೋಗುತ್ತದೆ. ಹೋಯಿತು. ಎರಡು ಸಲ ಒರೆಸಿದ್ದಷ್ಟೇ, ಬಲಗಾಲಿನ ಪಟ್ಟಿ ಬಿಳಿಚಿಕೊಂಡು ಒಣಗಿದ ತುಟಿಯಂತೆ ಒಡೆಯಿತು. ಅತ್ತೆ ಬರುವುದು ಭಾನುವಾರ ಸಂಜೆ. "ಪಾಲಿಶ್ ಹಾಕ್ಬಿಡು, ಗೊತ್ತಾಗಲ್ಲ," ಅಂದ ನನ್ನ ಗಂಡ ಮಲ್ಲಿಕ್. ಹೆತ್ತ ತಾಯಿಯನ್ನು ನಲವತ್ತೈದು ವರ್ಷ ನೋಡಿಯೂ ಇಷ್ಟೇ ಅರ್ಥ ಮಾಡಿಕೊಂಡಿರುವ ಮನುಷ್ಯನ ಹತ್ತಿರ ಏನು ಮಾತಾಡುವುದು?

ಮಂಗಳವಾರ ಕೆಲಸಕ್ಕೆ ಹೋಗುವಾಗ ಮೆಟ್ಟುಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ದುರ್ಗವ್ವನ ಮುಂದೆ ನಿಂತೆ. ಹೊಸೂರು ರಸ್ತೆಯ ಮೆಟ್ರೋ ಕಂಬವೊಂದರ ಬುಡದಲ್ಲಿ ಚಪ್ಪಲಿ ಹೊಲಿಯುತ್ತ ಕೂರುವ ಹೆಂಗಸು ಅವಳು. ವಯಸ್ಸು ಐವತ್ತೆಂಟೋ ಅರವತ್ತೋ, ಅವಳಿಗೇ ಗೊತ್ತಿಲ್ಲ. ಕುಷ್ಟಗಿ ಕಡೆಯವಳು. ಹದಿನಾಲ್ಕು ವರ್ಷದ ಹಿಂದೆ ಗಂಡನ ಜೊತೆ ಗಾರೆ ಕೆಲಸಕ್ಕೆಂದು ಬಂದಳು. ಗಂಡ ಜ್ವರದಲ್ಲಿ ಹೋದ ಮೇಲೆ, ಇಟ್ಟಿಗೆ ಹೊರಲು ಬೆನ್ನು ಬಗ್ಗದಾದ ಮೇಲೆ, ಊರಿನಿಂದ ಅಪ್ಪನ ಚಪ್ಪಲಿ ಹೊಲಿಯುವ ಸಾಮಾನಿನ ಗಂಟು ತರಿಸಿಕೊಂಡು ಈ ಕಂಬದ ಕೆಳಗೆ ಕೂತಳು. ತೊಗಲು ಕೊಯ್ಯುವ ರಂಪಿಯನ್ನು ಹೆಂಗಸು ಹಿಡಿಯಬಾರದು ಎಂದು ಊರಿನವರು ಆಡಿಕೊಂಡರಂತೆ. "ಹಿಡದ್ರ ಏನಾತ್ರಿ? ಅದೇನ್ ಕೈ ನೋಡಿ ಕೊಯ್ತದೇನು?" ಅನ್ನುವುದು ಅವಳ ವಾದ.

ಅವಳು ಮೆಟ್ಟುಗಳನ್ನು ತಿರುಗಿಸಿ, ಮೂಸಿ, ಹಿಮ್ಮಡಿಯನ್ನು ಉಗುರಿನಿಂದ ಒತ್ತಿದಳು. ಇದು ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲು, ಅಂಗಡಿ ಸೋಪು ತಾಗಿಸಿದರೂ ಸಾಯುತ್ತದೆ, ಪಾಲಿಶ್ ಹಾಕಿದರೆ ಉಸಿರು ಕಟ್ಟುತ್ತದೆ ಅಂದಳು. ಇದಕ್ಕೆ ಇರುವುದು ಒಂದೇ ಮದ್ದು, ಅವಳಪ್ಪ ಮಾಡುತ್ತಿದ್ದ ಬೂದಿ ಸಾಬೂನು.

"ನಿಮ್ಗೆ ಮಾಡೋಕೆ ಬರುತ್ತಾ?" ಅಂದೆ.

"ನೋಡೀನ್ರಿ."

"ಮಾಡಿದ್ದೀರಾ ಅಂತ ಕೇಳ್ತಿದೀನಿ."

ಅವಳು ಮೆಟ್ಟುಗಳನ್ನು ಮತ್ತೊಮ್ಮೆ ತಿರುಗಿಸಿದಳು. "ಎಲ್ಲಿಟ್ಟಿದ್ರಿ ಅಕ್ಕಾರ ಇವನ್ನ? ಇಷ್ಟು ದಿನ ತಡದಾವ," ಅಂದಳು. ದೇವರಮನೆಯಲ್ಲಿ ಎನ್ನಲು ನಾಲಿಗೆ ಏಳಲಿಲ್ಲ. "ಶೆಲ್ಫಲ್ಲಿ," ಅಂದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನೋಡಿದ್ದೇನೆ ಎನ್ನುವವರ ಕೈಗೆ ನನ್ನ ಲ್ಯಾಬಿನಲ್ಲಿ ಒಂದು ಪಿಪೆಟ್ ಕೂಡ ಕೊಡುವುದಿಲ್ಲ. ಆದರೆ ಬೇರೆ ದಾರಿ ಯಾವುದಿತ್ತು?

ಮೊದಲು ಬೂದಿ ಬೇಕಿತ್ತು. ಅವಳ ಅಳಿಯ ಹನುಮೇಶ ಕಟ್ಟಡ ಕೆಲಸದವನು. ಅವರ ಶೆಡ್ಡಿನ ಒಲೆಯಲ್ಲಿ ಉರಿಯುವುದು ಸೆಂಟ್ರಿಂಗ್ ಹಲಗೆ. ಅದರ ಬೂದಿಯಲ್ಲಿ ಸಿಮೆಂಟು, ಮೊಳೆ ಎಲ್ಲ ಇರುತ್ತದೆ ಎಂದು ಅವಳೇ ಬೇಡ ಅಂದಳು. ಕಡೆಗೆ ಒಳ್ಳೆಯ ಜಾಲಿ ಸೌದೆಯ ಬೂದಿ ಸಿಕ್ಕಿದ್ದು ಸರ್ವಿಸ್ ರಸ್ತೆಯ ಬಿರಿಯಾನಿ ಹೋಟೆಲಿನ ಒಲೆಯಲ್ಲಿ. ಅತ್ತೆ ಬೆಳ್ಳುಳ್ಳಿ ಕೂಡ ದೇವರಮನೆಯ ಹತ್ತಿರ ಸುಳಿಯಲು ಬಿಡುವುದಿಲ್ಲ. ಈ ವಿಷಯ ನನ್ನ ಜೊತೆಗೇ ಮಣ್ಣಾಗಲಿ ಎಂದುಕೊಂಡೆ.

ಬುಧವಾರ ದುರ್ಗವ್ವ ತಳ ತೂತಾದ ಮಡಕೆಗೆ ತೆಂಗಿನ ನಾರು ಹಾಸಿ, ಬೂದಿ ತುಂಬಿ, ಮೇಲೆ ನೀರು ಸುರಿದು, ತೊಟ್ಟಿಕ್ಕಿದ ಕಂದು ಬಣ್ಣದ ತಿಳಿಯನ್ನು ಹಿಡಿದಳು. ಎಲೆಅಡಿಕೆಯ ಸುಣ್ಣ ಕಲಸಿ, ಕೆಳಗೆ ಕೂತ ಗಸಿ ಬಿಟ್ಟು, ಮೇಲಿನದನ್ನು ಮಾತ್ರ ಬಸಿದಳು. ಅದು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಕೋಳಿಪುಕ್ಕ ಅದ್ದಬೇಕಂತೆ. ಪುಕ್ಕ ಕರಗಿದರೆ ಹದ. ನಾನು ಕಾರ್ಖಾನೆಯಿಂದ ತಂದಿದ್ದ ಪರೀಕ್ಷೆಯ ಕಾಗದವನ್ನು ಅದ್ದಿದೆ. ಅದು ಕಡುನೀಲಿಯಾಯಿತು, ಚರ್ಮ ಸುಡುವಷ್ಟು ಕ್ಷಾರ. ಅದೇ ಹೊತ್ತಿಗೆ ಅವಳ ಪುಕ್ಕವೂ ಕರಗಿ ದಂಟು ಉಳಿಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕಿದ್ದು ಆ ವಾರದಲ್ಲಿ ಅದೊಂದೇ ಸಲ.

ಮಾಮೂಲಿ ತೊಗಲಿನ ಸಾಬೂನಿಗೆ ಅವರ ಮನೆಯಲ್ಲಿ ಕುರಿಯ ಕೊಬ್ಬು ಹಾಕುತ್ತಿದ್ದರಂತೆ. ಮಠದ ಸ್ವಾಮಿಗಳ ಮೆಟ್ಟು ಬಂದರೆ ಮಾತ್ರ ಹರಳೆಣ್ಣೆ. "ನಿಮ್ದೂ ಹರಳೆಣ್ಣ್ಯಾಗ ಮಾಡ್ತೀನ್ರಿ," ಅಂದಳು. ನಾನು ಏನೂ ಹೇಳಿರಲಿಲ್ಲ. ನನ್ನ ಹಣೆಯ ವಿಭೂತಿ ನೋಡಿ ತಿಳಿದುಕೊಂಡಳೋ, ಮೆಟ್ಟುಗಳ ಮೇಲೆ ಉಳಿದಿದ್ದ ವಿಭೂತಿ ನೋಡಿ ತಿಳಿದುಕೊಂಡಳೋ, ಕೇಳುವ ಧೈರ್ಯ ಆಗಲಿಲ್ಲ.

ಗುರುವಾರ ಅವಳ ಶೆಡ್ಡಿನ ಹಿಂದೆ ಮೂರು ಇಟ್ಟಿಗೆಯ ಒಲೆ ಹೂಡಿ, ತಿಳಿಗೆ ಹರಳೆಣ್ಣೆ ಸೇರಿಸಿ ಕುದಿಸಲು ಇಟ್ಟಳು. ಹೊಸ ಗಡಿಗೆ ಅರ್ಧ ಗಂಟೆಯಲ್ಲಿ ಟಪ್ ಎಂದು ಸೀಳಿತು. ತಿಳಿ ಒಲೆಗೆ ಸುರಿದು ಹೋಗುವ ಮೊದಲೇ ಪಕ್ಕದಲ್ಲಿ ಬಿದ್ದಿದ್ದ ಅಳಿಯನ ಬಾಂಡ್ಲಿಗೆ ಬಗ್ಗಿಸಿ ಕುದಿ ಮುಂದುವರಿಸಿದಳು. ಗಾರೆ ಹೊರುವ ಕಬ್ಬಿಣದ ಬಾಂಡ್ಲಿ ಅವರ ಬದುಕಿನಲ್ಲಿ ಎಲ್ಲದಕ್ಕೂ ಒದಗುವ ಪಾತ್ರೆ. ಅದರಲ್ಲೇ ಮಗುವಿಗೆ ಸ್ನಾನ, ಅದರಲ್ಲೇ ಚಳಿಗೆ ಬೆಂಕಿ. ಅದೇ ತಪ್ಪಾಯಿತು.

ಶುಕ್ರವಾರ ನಾನು ಅರ್ಧ ದಿನ ರಜೆ ಹಾಕಿದೆ. ಅವಳು ಜೇನಿನಷ್ಟು ಮಂದವಾದ ಕಂದು ಸಾಬೂನನ್ನು ಡಬ್ಬಿಯಲ್ಲಿ ತಂದಳು. ಅವಳನ್ನು ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ನಮ್ಮ ಕಾರಿನ ಪಕ್ಕ ಕೂರಿಸಿದೆ. ನೀರಿನ ಕೆಲಸ, ಮೇಲೆ ನೆಲ ಗಲೀಜಾಗುತ್ತದೆ ಎಂದು ಕಾರಣವನ್ನೂ ಹೇಳಿದೆ. ಪೇಪರ್ ಲೋಟದಲ್ಲಿ ಚಹಾ ತಂದುಕೊಟ್ಟೆ.

ಅವಳು ಸಾಬೂನು ಇನ್ನೂ ಸುಡುತ್ತದೆಯೇ ಎಂದು ನಾಲಿಗೆಗೆ ತಾಗಿಸಿ ನೋಡಿ, ಸರಿ ಎಂದು ತಲೆಯಾಡಿಸಿದಳು. ಎಡಗಾಲಿನ ಹಿಮ್ಮಡಿಗೆ ಒಂದು ಬೆರಳು ಹಚ್ಚಿ ಒದ್ದೆ ಬಟ್ಟೆಯಲ್ಲಿ ಉಜ್ಜಿದಳು. ನೊರೆ ಬಂತು, ಬೂಷ್ಟು ಬಿಟ್ಟಿತು. ನನಗೆ ಜೀವ ಬಂತು. ಆಮೇಲೆ ಉಜ್ಜಿದ ಜಾಗ ಬೂದುಬಣ್ಣಕ್ಕೆ ತಿರುಗಿತು. ನೋಡನೋಡುತ್ತಿದ್ದಂತೆ ನೀಲಿ, ಆಮೇಲೆ ಮಸಿಯಂಥ ಕಪ್ಪು.

"ಏನ್ರೀ ಮಾಡಿದ್ರಿ ಇದು! ಬರಲ್ಲ ಅಂತ ಮೊದಲೇ ಹೇಳೋಕೆ ಏನಾಗಿತ್ತು ನಿಮ್ಗೆ!" ನಾನು ಕಿರುಚಿದ್ದಕ್ಕೆ ಗೇಟಿನ ಸೆಕ್ಯುರಿಟಿಯವನು ಇಣುಕಿ ನೋಡಿದ. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಡಬ್ಬಿಯೊಳಗೆ ಬೆರಳು ಆಡಿಸಿ, ಬೆರಳನ್ನು ಬೆಳಕಿಗೆ ಹಿಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಕಬ್ಬಿಣ್ರಿ ಅಕ್ಕಾರ, ಕಬ್ಬಿಣ! ಕರೇ ಮೆಟ್ಟು ಬೇಕಂದ್ರ ನಮ್ಮಪ್ಪ ತುಕ್ಕು ಹಿಡ್ದ ಕಬ್ಬಿಣಾನ ಬೆಲ್ಲದ ನೀರಾಗ ನೆನಿ ಇಡ್ತಿದ್ದ. ಆ ನೀರು ಹಚ್ಚಿದ್ರ ತಂಗಡಿ ತೊಗಲು ಕರ್ರಗಾಗ್ತಿತ್ತು. ಬಾಂಡ್ಲಿ ತುಕ್ಕು ಸಾಬೂನಾಗ ಇಳದೈತಿ. ಎಲ್ಲಾ ಗೊತ್ತಿದ್ದೂ ನಾ ಬಾಂಡ್ಲಿಗೆ ಸುರದ್ನಲ್ರಿ!"

ತೊಗಟೆಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ ಎಂಬುದನ್ನು ಬಿಎಸ್ಸಿಯಲ್ಲಿ ನಾನೂ ಓದಿದ್ದೆ. ಬಾಂಡ್ಲಿಯನ್ನು ನಾನೂ ಕಣ್ಣಾರೆ ನೋಡಿದ್ದೆ. ಅವಳಿಗೆ ಅಂದದ್ದರಲ್ಲಿ ಅರ್ಧ ನನಗೆ ಸೇರಬೇಕಿತ್ತು. ಅದನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ.

"ನಿಂಬಿಹಣ್ಣು ಐತೇನ್ರಿ?" ಅಂದಳು. ಮನೆಯಲ್ಲಿದ್ದ ಆರನ್ನೂ ತಂದೆ. ರಸಕ್ಕೆ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ, ಒತ್ತುವುದು, ತೆಗೆಯುವುದು, ಒಣಬಟ್ಟೆ ಇಡುವುದು. ಒಂದೂವರೆ ಗಂಟೆ ಅವಳು ತಲೆ ಎತ್ತಲಿಲ್ಲ. ಕಪ್ಪು ನಿಧಾನಕ್ಕೆ ಕಂದಾಗುತ್ತ ಬಂತು. ಕೊನೆಗೆ ಹುಣಸೆಬೀಜದಷ್ಟು ಕಲೆ ಉಳಿಯಿತು. ಅದು ಜಪ್ಪಯ್ಯ ಅನ್ನಲಿಲ್ಲ. ಇನ್ನೂ ಉಜ್ಜಿದರೆ ತೊಗಲೇ ಹೋಗುತ್ತದೆ ಎಂದು ಅವಳು ಕೈ ಹಿಂದಕ್ಕೆ ತೆಗೆದಳು.

"ಮತ್ತೊಮ್ಮಿ ಕುದಿಸ್ತೀನ್ರಿ. ತಿಳಿ ಇನ್ನಾ ಐತಿ. ಪಾತ್ರಿ ಇಲ್ಲ."

ನಾನು ಮೇಲೆ ಹೋಗಿ ಹಬ್ಬಕ್ಕೆ ಪಾಯಸ ಮಾಡುವ ದೊಡ್ಡ ಸ್ಟೀಲ್ ಪಾತ್ರೆ ತಂದುಕೊಟ್ಟೆ. ಅವಳು ಅದನ್ನು ಮುಟ್ಟುವ ಮೊದಲು ನನ್ನ ಮುಖ ನೋಡಿದಳು. "ಇದ್ರಾಗ ಮತ್ತ ಅಡಿಗಿ ಮಾಡಾಕ ಬರಂಗಿಲ್ಲ ನೋಡ್ರಿ." ಪರವಾಗಿಲ್ಲ, ನೀವೇ ಇಟ್ಕೊಳ್ಳಿ ಅಂದೆ. ಅದು ಉದಾರತನವೇನಲ್ಲ, ಭಯ.

ಶನಿವಾರ ಇಡೀ ದಿನ ಕಂಬದ ಕೆಳಗೆ ಅವಳ ಜಾಗ ಖಾಲಿ ಇತ್ತು. ಊರಿಗೇ ಹೋಗಿಬಿಟ್ಟಳೋ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಏಳಕ್ಕೇ ಗೇಟಿನಲ್ಲಿ ಕಾಯುತ್ತಿದ್ದಳು, ಕಣ್ಣು ಕೆಂಪಗೆ. ಒಲೆಯ ಮುಂದಿನಿಂದ ಎದ್ದೇ ಇರಲಿಲ್ಲವಂತೆ. ಈ ಸಲ ಸಾಬೂನು ತಿಳಿ ಬೆಲ್ಲದ ಬಣ್ಣಕ್ಕಿತ್ತು. ಆವತ್ತೂ ಪಾರ್ಕಿಂಗಿನಲ್ಲೇ, ಮೊದಲು ತನ್ನ ಗಂಟಿನಲ್ಲಿದ್ದ ಅಪ್ಪನ ಕಾಲದ ತೊಗಲಿನ ತುಂಡಿಗೆ ಹಚ್ಚಿ, ಅರ್ಧ ಗಂಟೆ ಅದನ್ನೇ ನೋಡುತ್ತ ಕೂತಳು. ಬಣ್ಣ ತಿರುಗಲಿಲ್ಲ. ಆಮೇಲೆ ಎರಡೂ ಮೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪಟ್ಟಿ, ಒಂದೊಂದೇ ಹೊಲಿಗೆ. ನೊರೆ ಒರೆಸಿ, ಬೆರಳ ತುದಿಯಲ್ಲಿ ಹರಳೆಣ್ಣೆ ಕುಡಿಸಿದಳು. ನಾನು ಬಿಳಿಚಿಸಿದ್ದ ಪಟ್ಟಿ ಮೆತ್ತಗಾಗಿ ಜೇನು ಬಣ್ಣಕ್ಕೆ ಬಂತು. ಹೆಬ್ಬೆರಳು ಒತ್ತಿದ ಗುಳಿ, ಹಿಮ್ಮಡಿ ಸವೆದ ಓರೆ, ಎಲ್ಲ ಎದ್ದು ಕಂಡವು. ಹುಣಸೆಬೀಜದ ಕಲೆಯೂ ಕಂಡಿತು.

ಸಂಜೆ ಅತ್ತೆ ಬಂದರು. ನಾನು ಮೊದಲೇ ಹೂಡಿದ ಉಪಾಯದಂತೆ ಎಡಗಾಲಿನ ಹಿಮ್ಮಡಿಯ ಮೇಲೆ ಕಣಗಿಲೆ ಹೂ ಗುಡ್ಡೆ ಹಾಕಿದ್ದೆ. ಅವರು ಕೈಕಾಲು ತೊಳೆದು ನೇರ ದೇವರಮನೆಗೆ ಹೋಗಿ, ಕುಳಿತು, ಹೂ ಸರಿಸಿದರು. ಎಂಬತ್ತೊಂದರ ಕಣ್ಣು, ಶಸ್ತ್ರಚಿಕಿತ್ಸೆ ಆದದ್ದು. ಕಲೆಯ ಮೇಲೆ ಬೆರಳಿಟ್ಟರು. ಅವರು ಮೆಟ್ಟು ಎತ್ತಿ ಮೂಸಿದರು.

"ಬೂದಿ ಸಾಬೂನಿನ ವಾಸನಿ. ನಮ್ಮಪ್ಪ ಮೆಟ್ಟು ತೊಳಿಸ್ಕೊಂಡು ಬಂದಾಗ ಹಿಂಗ ಇರ್ತಿತ್ತು. ಯಾರು ತೊಳದ್ರು?"

ನಾನು ಎಲ್ಲ ಒಪ್ಪಿಸಿದೆ. ಸ್ಯಾನಿಟೈಸರ್, ಬಾಂಡ್ಲಿ, ನಿಂಬೆಹಣ್ಣು. ಬಿರಿಯಾನಿ ಒಲೆಯನ್ನೂ ಹೇಳಿಬಿಟ್ಟೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಪಾಪ, ಬೆಳಿಗ್ಗೆಯಿಂದ ಪಾರ್ಕಿಂಗಲ್ಲೇ ಕೂತು ಮಾಡಿದ್ಲು," ಎಂದು ಕೊನೆಗೆ ಸೇರಿಸಿದೆ, ದುರ್ಗವ್ವನ ಶ್ರಮ ಅವರಿಗೆ ಗೊತ್ತಾಗಲಿ ಎಂದು.

ಅತ್ತೆ ತಿರುಗಿ ನೋಡಿದರು.

"ನಮ್ಮಪ್ಪನ ಕಾಲು ತೊಳದಾಕಿನ್ನ ಪಾರ್ಕಿಂಗ್ನಾಗ ಕೂಡ್ರಿಸಿದೇನು?"

ಅಷ್ಟೇ. ಅವರು ಆ ರಾತ್ರಿ ಊಟ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಕಂಬದ ಬಳಿ ಹೋದಾಗ ದುರ್ಗವ್ವ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ಎದ್ದು ನಿಂತಳು. "ಆ ಕರೇ ಕಲಿ ನೋಡಿದ್ರೇನ್ರಿ ಅಮ್ಮಾರು?"

"ನೋಡಿದ್ರು. ನಿಮ್ಮನ್ನ ಮನೆಗೆ ಕರೀತಿದಾರೆ. ಪೂಜೆ ಹೊತ್ತಿಗೆ."

ಬೈಯಲು ಕರೆಯುತ್ತಿದ್ದಾರೆ ಎಂದೇ ಅವಳು ನಂಬಿದಳು. ಅಲ್ಲ ಎಂದು ನಾನು ಎಷ್ಟು ಹೇಳಿದರೂ ದಾರಿಯುದ್ದಕ್ಕೂ ಸೆರಗಿನ ತುದಿ ತಿರುಚುತ್ತಲೇ ಬಂದಳು. ನಾಲ್ಕನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿದವಳೇ ಚಪ್ಪಲಿಗಳನ್ನು ಅಲ್ಲೇ ಗೋಡೆಗೆ ಒತ್ತಿ ಬಿಟ್ಟಳು. ನಮ್ಮ ಬಾಗಿಲು ಇನ್ನೂ ಇಪ್ಪತ್ತು ಹೆಜ್ಜೆ ದೂರವಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವಳ ಕೈ ಹಿಡಿದು ಒಳಗೆ, ದೇವರಮನೆಗೇ ಕರೆದೊಯ್ದರು. ಹಲಗೆಯ ಮೇಲೆ ಮೆಟ್ಟುಗಳನ್ನು ಕಂಡು ದುರ್ಗವ್ವ ಒಮ್ಮೆ ನನ್ನತ್ತ ನೋಡಿದಳು. ಶೆಲ್ಫಲ್ಲಿ ಎಂದು ನಾನು ಹೇಳಿದ್ದು ಅವಳಿಗೆ ನೆನಪಿತ್ತು.

ಅಲ್ಲಿ ನಿಲ್ಲಲಾಗದೆ ನಾನು ಹೊರಗೆ ಬಂದೆ. ಲಿಫ್ಟಿನ ಪಕ್ಕ ಅವಳ ಚಪ್ಪಲಿಗಳಿದ್ದವು. ಪ್ಲಾಸ್ಟಿಕ್ಕಿನವು, ಒಂದರ ಉಂಗುಷ್ಟಕ್ಕೆ ತಂತಿ ಸುತ್ತಿತ್ತು. ಅವನ್ನು ಕೈಯಲ್ಲಿ ಎತ್ತಿಕೊಂಡು ಬಂದು, ನಮ್ಮ ಬಾಗಿಲ ಬಳಿ, ನನ್ನ ಚಪ್ಪಲಿಗಳ ಪಕ್ಕ ಇಟ್ಟೆ.