ಅಣ್ಣನ ಬದಲಿ ಕೂತ ಅಪ್ಪ

ಭೀಮಾ ದಂಡೆಯ ನಮ್ಮೂರಲ್ಲಿ ಒಂದು ರೂಢಿ ಇತ್ತು. ಪೊಲೀಸರು ಹುಡುಕಿಕೊಂಡು ಬಂದಾಗ ಮಗ ಸಿಗದಿದ್ದರೆ ಅಪ್ಪ ಹೋಗಿ ಠಾಣೆಯಲ್ಲಿ ಕೂಡಬೇಕು. ಯಾರೂ ಎಳೆದೊಯ್ಯಬೇಕಿರಲಿಲ್ಲ, ತಾವೇ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಡುತ್ತಿದ್ದರು. ನಮ್ಮಜ್ಜ ಕೂತಿದ್ದನಂತೆ, ದೊಡ್ಡಪ್ಪ ಕೂತಿದ್ದ. ಅದು ಮರ್ಯಾದಸ್ಥರ ಕೆಲಸ ಎಂದೇ ನಂಬಿದ್ದರು.

ನಮ್ಮ ಮನೆತನದಲ್ಲೇ ಮೊದಲಿಗೆ ನಾನು ಬಿಎ ಮುಗಿಸಿದ ವರ್ಷ ಅಪ್ಪನ ಸರದಿ ಬಂತು. ಶಹಾಪುರದ ಸಂತೆಯಲ್ಲಿ ಹೊಡೆದಾಟವಾಗಿ ಕೇಸಿನಲ್ಲಿ ಅಣ್ಣನ ಹೆಸರೂ ಸೇರಿತ್ತು. ಪೊಲೀಸರು ಬಂದಾಗ ಅಣ್ಣ ಮೀನಿನ ಬಲೆ ತರಲು ರಾಯಚೂರಿಗೆ ಹೋಗಿದ್ದ. ಮುಂಜಾನೆ ಹೋದ ಅಪ್ಪ ಮಧ್ಯಾಹ್ನವಾದರೂ ಬರಲಿಲ್ಲ. ಮಗ ಬರುವ ತನಕ ಬಿಡುವುದಿಲ್ಲವಂತೆ ಎಂದು ಸುದ್ದಿ ಬಂತು. ಅವ್ವ ಬುತ್ತಿ ಕಟ್ಟಿದಳು. ಕೊಟ್ಟು ಸುಮ್ಮನೆ ಬಾ, ಬಾಯಿ ಮಾಡಬ್ಯಾಡ ಅಂದಳು.

ಠಾಣೆಯಲ್ಲಿ ಬೆಂಚು ಖಾಲಿ ಇತ್ತು, ಅಪ್ಪ ನೆಲದ ಮೇಲೆ ಕೂತಿದ್ದ. ಬುತ್ತಿ ಅವನ ಮುಂದಿಟ್ಟೆ. ಆಮೇಲೆ ಪಿಎಸ್‌ಐ ಸಾಹೇಬರ ಮುಂದೆ ನಿಂತು, ಅಪ್ಪನನ್ನು ಅರೆಸ್ಟ್ ಮಾಡಿದ್ದೀರಾ ಎಂದು ಕೇಳಿದೆ. ಇಲ್ಲ, ಬರೀ ವಿಚಾರಣೆ ಅಂದರು.

"ಅರೆಸ್ಟ್ ಮಾಡಿದ್ರ ಯಾಕಂತ ಹೇಳ್ರಿ, ಮೆಮೋ ಬರೀರಿ, ಮಗಳು ನಾ ಸಹಿ ಹಾಕ್ತೀನಿ. ಮಾಡಿಲ್ಲಂದ್ರ ಕರಕೊಂಡು ಹೋಗ್ತೀನ್ರಿ. ಅಪ್ಪಗ ಅರವತ್ತು ದಾಟ್ಯಾವ, ಸಾಕ್ಷಿ ಕೇಳೋದಿದ್ರ ನೀವೇ ಮನೀಗೆ ಬರಬೇಕು. ಮಗನ ಬದಲಿ ಅಪ್ಪನ್ನ ಕೂಡ್ಸೋ ಕಾಯ್ದೆ ಇಲ್ರಿ."

ಬಾಗಿಲಲ್ಲಿದ್ದ ಪೇದೆ ನಕ್ಕ. "ಏನವ್ವಾ, ವಕೀಲಕಿ ಆಗೀಯೇನು?"

"ಇಲ್ರಿ ಕಾಕಾ, ಬಿಎ. ಇಷ್ಟಕ್ಕ ಅದೇ ಸಾಕು."

ಸಾಹೇಬರು ನಗಲಿಲ್ಲ. ವಯಸ್ಸಿಗೆಂದು ನಾನು ಕೊಟ್ಟ ಅಪ್ಪನ ಆಧಾರ್ ಕಾರ್ಡು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, ಕರೆದುಕೊಂಡು ಹೋಗಮ್ಮ, ನಿಮ್ಮಣ್ಣನಿಗೆ ನೋಟಿಸ್ ಕಳಿಸುತ್ತೇವೆ ಅಂದರು.

ಸಾಹೇಬರೇನೋ ಬಿಟ್ಟರು, ಅಪ್ಪ ಏಳಲೊಲ್ಲ. "ಮಗ ಬರೋತನಕ ಕೂಡಬೇಕವ್ವ, ಮಂದಿ ಏನಂದಾರು" ಅಂದ. ರಟ್ಟೆ ಹಿಡಿದು ಎಬ್ಬಿಸಿದೆ. ಗೇಟು ದಾಟುವ ತನಕ ಕೈ ಬಿಡಲಿಲ್ಲ.

ನೋಟಿಸ್ ಬಂತು. ಅಣ್ಣ ವಕೀಲರ ಜೊತೆ ಹೋಗಿ ಹೇಳಿಕೆ ಕೊಟ್ಟು, ಅದೇ ಸಂಜೆ ಮನೆಗೆ ಬಂದ. ಆಮೇಲೆ ನಮ್ಮೂರಿನ ಯಾವ ಅಪ್ಪನೂ ಠಾಣೆಯಲ್ಲಿ ಕೂಡಲು ಹೋಗಿಲ್ಲ. ಈಗ ಯಾರ ಮನೆಗೆ ಪೊಲೀಸರು ಬಂದರೂ ನಮ್ಮಪ್ಪನೇ ಅಲ್ಲಿಗೆ ಎದ್ದು ಹೋಗುತ್ತಾನೆ. ಓದಲು ಬಾರದ ಆ ಮನುಷ್ಯ ಕೈ ಚಾಚಿ ಕೇಳುತ್ತಾನೆ: "ನೋಟಿಸ್ ತಂದೀರೇನ್ರಿ?"