ಭಾನುವಾರ ನಾನು ಬಿದ್ದ ಜಾಗ

ನಾನು ಬಿದ್ದದ್ದು ಭಾನುವಾರ, ಜೀವನ್ ಬಿಮಾ ನಗರದಲ್ಲಿ, ನಮ್ಮ ಮಾಲೀಕರ ಮನೆಯ ತಾರಸಿಯ ನೀರಿನ ಟ್ಯಾಂಕಿಗೆ ಆನಿಸಿದ್ದ ಕಬ್ಬಿಣದ ಏಣಿಯಿಂದ. ಇಷ್ಟೇ ಬರೆದು ನಿಲ್ಲಿಸಬಹುದಿತ್ತು. ಆದರೆ ಆಮೇಲಿನ ದಿನಗಳಲ್ಲಿ ಈ ಮಾತನ್ನು ಎಷ್ಟು ಜನರೆದುರು ಎಷ್ಟು ರೀತಿ ಹೇಳಿದೆನೆಂದರೆ, ಈಗ ಏಣಿ ಕಬ್ಬಿಣದ್ದೋ ಬಿದಿರಿನದ್ದೋ ಎಂಬ ಅನುಮಾನವೂ ಬರುತ್ತದೆ. ಬಲ ಮಣಿಕಟ್ಟಿನಿಂದ ಬಂದ ಸದ್ದು ಮಾತ್ರ ಬದಲಾಗಿಲ್ಲ.

ಕೆ.ಆರ್. ಪುರದ ಆಚೆ ಒಂದು ವರ್ಕ್‌ಶಾಪಿನಲ್ಲಿ ನಾನು ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸಕ್ಕಿದ್ದೆ. ಯಾದಗಿರಿ ಕಡೆಯಿಂದ ಬಂದವರು ನಾವು. ನಾನು, ನನ್ನ ಹೆಂಡತಿ ಜೋಗುಪಾಳ್ಯದ ವಠಾರವೊಂದರ ಮಹಡಿಯ ರೂಮಿನಲ್ಲಿದ್ದೆವು. ವರ್ಕ್‌ಶಾಪಿನಲ್ಲಿ ಹದಿನಾಲ್ಕು ಜನ, ರಿಜಿಸ್ಟರಿನಲ್ಲಿ ಒಂಬತ್ತು ಹೆಸರು. ಹತ್ತಾದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಕಟ್ಟಬೇಕಾಗುತ್ತದೆ, ಅದಕ್ಕೆ. ಸೇರಿದ ದಿನ ಮಾಲೀಕರು, “ಇಎಸ್‌ಐ ಗಿಎಸ್‌ಐ ಅಂತ ಏನೂ ಕಟ್ ಮಾಡಲ್ಲಪ್ಪ, ಪೂರ್ತಿ ಕೈಗೆ” ಎಂದಾಗ ನನಗೆ ಖುಷಿಯಾಗಿತ್ತು. ಇಲ್ಲಿ ನೆನಪು ಮೋಸ ಮಾಡುತ್ತಿಲ್ಲ. ನಿಜಕ್ಕೂ ಖುಷಿಯಾಗಿತ್ತು.

ಪ್ರತಿ ಭಾನುವಾರ ನಮ್ಮಲ್ಲೊಬ್ಬರು ಸರದಿಯಂತೆ ಮಾಲೀಕರ ಮನೆಗೆ ಹೋಗುತ್ತಿದ್ದರು. ಟ್ಯಾಂಕು ತೊಳೆಯುವುದು, ಕಾರು ಒರೆಸುವುದು, ಒಣಗಿದ ತೆಂಗಿನ ಗರಿ ಎಳೆದುಹಾಕುವುದು. ಅದನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ. “ಮನೆ ಕಡೆ ಹೋಗೋದು” ಎನ್ನುತ್ತಿದ್ದೆವು. ಅಮ್ಮನವರು ಇಡ್ಲಿ ಕೊಡುತ್ತಿದ್ದರು. ಆ ವಾರ ನನ್ನ ಸರದಿಯಲ್ಲ, ಸರದಿಯವನಿಗೆ ಜ್ವರ. ಶನಿವಾರ ಸಂಜೆ ಮಾಲೀಕರು “ನಾಳೆ ಯಾರಪ್ಪ?” ಎಂದರು. ನಾನು ಕೈ ಎತ್ತಿದೆ. ಅಥವಾ ಅವರು ನನ್ನ ಕಡೆ ನೋಡಿದರು. ನೋಡಿದ ಮೇಲೆ ಎತ್ತಿದೆನೋ, ಎತ್ತಿದ ಮೇಲೆ ನೋಡಿದರೋ. ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಪ್ರತಿ ಸಲವೂ ಅವತ್ತು ನನಗೆ ಯಾವುದು ಬೇಕೋ ಅದೇ ಕಾಣುತ್ತದೆ. ಹಾಗಾಗಿ ನಂಬುವುದಿಲ್ಲ.

ಬಿದ್ದ ಮೇಲೆ ಅವರೇ ಕಾರಿನಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಕೌಂಟರಿನ ಹುಡುಗಿ, “ಆಕ್ಸಿಡೆಂಟಾ? ಪೊಲೀಸ್‌ಗೆ ಇನ್ಫಾರ್ಮ್ ಮಾಡ್ಬೇಕಾಗುತ್ತೆ” ಎಂದಳು.

“ಅಯ್ಯೋ ಇಲ್ಲಮ್ಮ, ಮನೇಲಿ ಜಾರಿ ಬಿದ್ದಿದ್ದಾನೆ” ಎಂದರು ಮಾಲೀಕರು. ಯಾರ ಮನೆ ಎಂದು ಆಕೆ ಕೇಳಲಿಲ್ಲ. ಅವರು ನನ್ನ ಕಡೆ ತಿರುಗಿ, “ಅಲ್ವೇನಪ್ಪ?” ಎಂದರು. ನಾನು ತಲೆಯಾಡಿಸಿದೆ. ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮಂಥವರು ಮೊದಲು ಮಾಡುವುದು ಅದನ್ನೇ.

ಸಂಜೆ ಹೆಂಡತಿ ಕೇಳಿದಳು. “ಯಾರ ಮನ್ಯಾಗ ಬಿದ್ದೀನಂತ ಬರಿಸಿದ್ರಿ?”

“ಮನಿ ಅಂದ್ರು. ಅಷ್ಟ.”

“ಅವರು ಅಂತಾರ. ನಿಮ್ದು ಕೈ ಮುರದದ, ಬಾಯಿಗೇನಾಗಿತ್ತು?”

ಅರ್ಧ ಪ್ಲಾಸ್ಟರ್ ಹಾಕಿ ಕಳಿಸಿದ್ದರು. ಎರಡು ವಾರದೊಳಗೆ ಆಪರೇಷನ್ ಮಾಡಿ ಪ್ಲೇಟು ಕೂರಿಸದಿದ್ದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಆಮೇಲೆ ಮಣಿಕಟ್ಟು ತಿರುಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಣಿಕಟ್ಟು ತಿರುಗದವನಿಗೆ ಲೇತ್ ಮೇಲೆ ಜಾಗವಿಲ್ಲ. ಮಾಲೀಕರು ಫೋನಿನಲ್ಲಿ, “ರಜಾ ದಿನ ಆಗಿದ್ದು ಡ್ಯೂಟಿ ಲೆಕ್ಕಕ್ಕೆ ಬರಲ್ಲಪ್ಪ. ನೋಡೋಣ” ಎಂದರು. ಆ ‘ನೋಡೋಣ’ದಲ್ಲಿ ನಾಲ್ಕು ದಿನ ಹೋಯಿತು. ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಪಟ್ಟಿಯಲ್ಲಿ ನನ್ನ ಮುಂದೆ ತುಂಬಾ ಜನರಿದ್ದರು. ನನಗಿಂತ ಕೆಟ್ಟದಾಗಿ ಮುರಿದುಕೊಂಡವರು. ಅವರನ್ನು ಹಿಂದೆ ಸರಿಸಿ ಎನ್ನಲು ಬಾಯಿ ಬರಲಿಲ್ಲ; ಮನಸ್ಸಿನಲ್ಲಿ ಅಂದುಕೊಂಡೆ.

ಯಾರೋ ಹೇಳಿದರೆಂದು ಇಂದಿರಾನಗರದಲ್ಲಿ ಇಎಸ್‌ಐನವರ ಹತ್ತಿರ ಹೋದೆ. ಗುಮಾಸ್ತರು ಕಾರ್ಡ್ ನಂಬರು ಕೇಳಿದರು. ಇಲ್ಲವೆಂದೆ. ಕೇಳದಿದ್ದರೂ ಇಡೀ ಕತೆ ಶುರುಮಾಡಿದೆ: ಏಣಿ, ಟ್ಯಾಂಕು, ಶನಿವಾರ ಸಂಜೆ, ಯಾರು ಮೊದಲು ನೋಡಿದ್ದು.

ಅವರು ಕೈ ಅಡ್ಡ ಹಿಡಿದರು. “ಎಲ್ಲಿ ಬಿದ್ರೆ ನಮಗೇನ್ರೀ. ರೋಡಲ್ಲಿ ಬೀಳಿ, ಬೀಗರ ಮನೇಲಿ ಬೀಳಿ, ರಜೆ ದಿನ ಬೀಳಿ. ಹೆಸರಿದ್ರೆ ಟ್ರೀಟ್ಮೆಂಟೂ ಇದೆ, ಕೆಲಸಕ್ಕೆ ಹೋಗದ ದಿನಕ್ಕೆ ದುಡ್ಡೂ ಇದೆ. ಹೆಸರಿಲ್ಲ ಅಂದ್ರೆ ಇಲ್ಲೇ ನನ್ ಟೇಬಲ್ ಮೇಲೆ ಬಿದ್ರೂ ಏನಿಲ್ಲ.”

ಹಿಂದೆ ನಿಂತವರು ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ.

“ಕಂಪ್ಲೇಂಟ್ ಕೊಡಿ. ಇನ್ಸ್‌ಪೆಕ್ಟರ್ ಹೋಗಿ ರಿಜಿಸ್ಟರ್ ನೋಡ್ತಾರೆ” ಎಂದರು ಅವರು, ಈಗ ಮೆತ್ತಗೆ.

“ಎಷ್ಟು ದಿನ ಆಗುತ್ತೆ ಸರ್?”

ಅವರು ನನ್ನ ಕೈ ನೋಡಿದರು. “ದಿನದ ಲೆಕ್ಕದಲ್ಲಿ ಕೇಳ್ಬೇಡಿ.”

ಹನ್ನೊಂದನೆಯ ದಿನ ಮಾಲೀಕರು ಕರೆಸಿದರು. ಹೆಂಡತಿಯೂ ಬಂದಳು. ವರ್ಕ್‌ಶಾಪಿನ ಗಾಜಿನ ಕೋಣೆಯಲ್ಲಿ ಟೇಬಲ್ ಮೇಲೆ ಟೈಪು ಮಾಡಿದ ಹಾಳೆ, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಇಂಕ್ ಪ್ಯಾಡು. ಸಹಿ ಮಾಡಿದರೆ ಆಪರೇಷನ್ ಖರ್ಚು ಅವರದು.

“ಜೋರಾಗಿ ಓದ್ಕೋಪ್ಪ. ಆಮೇಲೆ ಓದಿರ್ಲಿಲ್ಲ ಅನ್ಬಾರದು.”

ಓದಿದೆ. ನಾನು ಜೋಗುಪಾಳ್ಯದ ನನ್ನ ವಾಸದ ಕೊಠಡಿಯ ಸ್ನಾನಗೃಹದಲ್ಲಿ ಜಾರಿ ಬಿದ್ದೆನೆಂದೂ, ಮಾಲೀಕರು ಕೇವಲ ಮಾನವೀಯತೆಯಿಂದ ಚಿಕಿತ್ಸೆಗೆ ನೆರವಾಗುತ್ತಿರುವರೆಂದೂ ಇತ್ತು. ಅಲ್ಲಿ ನಿಲ್ಲಿಸಿದೆ.

“ಸರ್, ನಮ್ ರೂಮಲ್ಲಿ ಬಚ್ಚಲಿಲ್ಲ. ಕೆಳಗೆ, ವಠಾರಕ್ಕೆಲ್ಲ ಒಂದೇ.”

“ಮತ್ತೇನು ಹಾಕ್ಲಿ?”

“ಮೆಟ್ಟಿಲು ಹಾಕಿ ಸರ್. ನಮ್ಮ ಮೆಟ್ಟಿಲು ತುಂಬಾ ಕಡಿದಾಗಿದೆ. ಯಾರು ಬಂದು ನೋಡಿದ್ರೂ ಒಪ್ತಾರೆ.”

ಇದನ್ನು ನನ್ನಿಂದ ಯಾರೂ ಹೇಳಿಸಲಿಲ್ಲ. ಕಾಗದ ನಿಲ್ಲುವುದಿಲ್ಲವೆಂದು ಅವರು ಹಿಂದೆ ಸರಿದರೆ ಆಪರೇಷನ್ ತಪ್ಪೀತು ಎಂಬ ಭಯದಿಂದ ಹೇಳಿದೆ ಎಂದು ಈಗ ಬರೆಯಬಹುದು. ಅಷ್ಟೇ ಆಗಿರಲಿಲ್ಲ. ತಪ್ಪು ಅಳತೆಯ ಡ್ರಾಯಿಂಗ್ ಕೈಗೆ ಬಂದರೆ ತಿದ್ದುವಂತೆ ತಿದ್ದಿದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಹೇಗೆ ನೋಡುತ್ತಿದ್ದಳೆಂದು ವರ್ಣಿಸಿದರೆ ಸುಳ್ಳಾಗುತ್ತದೆ. ನಾನು ನೆಲ ನೋಡುತ್ತಿದ್ದೆ.

ಅವರು ಪೆನ್ನಿನಲ್ಲಿ ಸ್ನಾನಗೃಹ ಹೊಡೆದುಹಾಕಿ ಮೆಟ್ಟಿಲು ಎಂದು ಬರೆದರು. ನಾನು ಎಡಗೈ ಹೆಬ್ಬೆಟ್ಟು ಒತ್ತಿದೆ. ಅವರು ಹಾಳೆಯನ್ನು ಡ್ರಾಯರಿನಲ್ಲಿಟ್ಟು ನರ್ಸಿಂಗ್ ಹೋಮಿಗೆ ಫೋನು ಹಚ್ಚಿದರು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಆಪರೇಷನ್ ನಾಳೆ ಬೆಳಿಗ್ಗೆ ಎಂದು ಗೊತ್ತಾಯಿತು.

“ಸಾಹೇಬ್ರ, ಪಗಾರ?” ಎಂದಳು ಹೆಂಡತಿ.

ಅವರು ಫೋನಿನ ಮೇಲೆ ಅಂಗೈ ಇಟ್ಟರು. “ಯಾವ ಪಗಾರಮ್ಮ?”

“ಕೈ ನೆಟ್ಟಗಾಗೂ ತನಕ. ಪೂರಾ ಬ್ಯಾಡ, ಅರ್ಧಾನರ ಕೊಡ್ರಿ. ಖೋಲಿ ಬಾಡಿಗಿ ಕಟ್ಟಬೇಕ್ರಿ.”

“ನೋಡಮ್ಮ, ತನ್ನ ಮನೆ ಮೆಟ್ಟಿಲ ಮೇಲೆ ಬಿದ್ದವನಿಗೆ ಯಾವ ಓನರ್ ಸಂಬಳ ಕೊಡ್ತಾನೆ, ನೀನೇ ಹೇಳು.”

ದನಿಯಲ್ಲಿ ಕೊಂಕಿರಲಿಲ್ಲ. ಆ ಹೊತ್ತಿಗೆ ಅವರು ಅದನ್ನು ನಂಬಿದ್ದರು ಎಂದೇ ನನಗೆ ಅನಿಸುತ್ತದೆ.

ಹೆಂಡತಿ ನನ್ನ ತೋಳು ಅಲುಗಿಸಿದಳು. “ಹೇಳ್ರಿ.”

ಫೋನಿನ ಆ ಕಡೆಯಿಂದ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಆ ಕಡೆಯವರು ಫೋನು ಇಟ್ಟುಬಿಟ್ಟರೆ ಎಂದು ನನಗೆ ದಿಗಿಲಾಯಿತು.

“ಸರ್,” ಎಂದೆ, “ಎಷ್ಟು ಗಂಟೆ ಆದ್ಮೇಲೆ ನೀರು ಕುಡೀಬಾರ್ದು, ಸ್ವಲ್ಪ ಕೇಳಿ.”